ಮಡಿವಾಳಪ್ಪನ ಪದಕ್ಕೆ ಮಾಲೀಕರು ಯಾರು?

ಭೀಮೆಯ ದಂಡೆಯ ಮಣ್ಣೂರಿನಿಂದ ಹಿಡಿದು ಜೇವರ್ಗಿ, ಆಳಂದದವರೆಗೆ ಭಜನಾ ಮೇಳ ಕೂತಲ್ಲೆಲ್ಲ ಈಗ ಏಕತಾರಿ, ದಮ್ಮಡಿಗಳ ಮುಂದೆ ಒಂದು ಮೊಬೈಲ್ ಸ್ಟ್ಯಾಂಡೂ ನಿಂತಿರುತ್ತದೆ. ಅಮಾವಾಸ್ಯೆಯ ರಾತ್ರಿ ಹಾಡಿದ ತತ್ವಪದ ಬೆಳಗಾಗುವಷ್ಟರಲ್ಲಿ ಯೂಟ್ಯೂಬ್ ಸೇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಾಪಿರೈಟ್ ಬಿತ್ತು ಎಂಬ ಸುದ್ದಿ ಬರುತ್ತದೆ. ಆಮೇಲೆ ಕಟ್ಟೆಯ ಮೇಲೆ ಕೂತ ಪ್ರತಿಯೊಬ್ಬರೂ ವಕೀಲರೇ. ಅವರಲ್ಲಿ ನಾವೂ ಇದ್ದೇವೆ. ಕಾಪಿರೈಟ್ ವಿಷಯದಲ್ಲಿ ನಮ್ಮ ನಡೆ ವಿಚಿತ್ರ. ಅಂಜಬೇಕಿಲ್ಲದ ಕಡೆ ಅಂಜುತ್ತೇವೆ, ಅಂಜಬೇಕಾದ ಕಡೆ ಎದೆ ಸೆಟೆಸಿ ನಡೆಯುತ್ತೇವೆ. ಎರಡಕ್ಕೂ ಕಾರಣ ಕೇಳಿ ನಂಬಿದ ಮಾತುಗಳು. ಅವುಗಳಲ್ಲಿ ಕೆಲವನ್ನು ಇಲ್ಲಿ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ: ಹಳೆಯ ಪದವನ್ನು ಮೊದಲು ರೆಕಾರ್ಡ್ ಮಾಡಿದ ಕಂಪನಿಗೇ ಆ ಪದದ ಹಕ್ಕು ಸೇರುತ್ತದೆ, ಬೇರೆಯವರು ಅದನ್ನು ಹಾಡುವಂತಿಲ್ಲ.

ವಾಸ್ತವ: ತತ್ವಪದಕಾರ ಕಡಕೋಳ ಮಡಿವಾಳಪ್ಪನ ಪದಗಳು ಯಾವ ಕಂಪನಿಯದೂ ಅಲ್ಲ. ಅವನ ಶಿಷ್ಯ ಪರಂಪರೆಯ ಚನ್ನೂರ ಜಲಾಲಸಾಬನ ಪದಗಳಾಗಲಿ, ಶಿಶುನಾಳ ಷರೀಫರ ಪದಗಳಾಗಲಿ, 12ನೇ ಶತಮಾನದ ವಚನಗಳಾಗಲಿ ಯಾರ ಸ್ವತ್ತೂ ಅಲ್ಲ. ಹಕ್ಕಿನ ಅವಧಿ ಎಂದೋ ಮುಗಿದವು ಅಥವಾ ಹಕ್ಕೆಂಬ ಕಾನೂನು ಹುಟ್ಟುವ ಮೊದಲೇ ಹುಟ್ಟಿದವು ಇವು. ಇವನ್ನು ಯಾರೂ ಹಾಡಬಹುದು, ಅಚ್ಚು ಹಾಕಬಹುದು, ಮಾರಲೂಬಹುದು.

ಹಾಗಾದರೆ ಕಂಪನಿಗೆ ಏನೂ ಇಲ್ಲವೇ? ಇದೆ. ತಾನು ಮಾಡಿದ ಧ್ವನಿಮುದ್ರಣದ ಮೇಲೆ ಅದಕ್ಕೆ ಪ್ರಕಟವಾದಾಗಿನಿಂದ 60 ವರ್ಷ ಹಕ್ಕಿದೆ. ಅಂದರೆ ಆ ಕ್ಯಾಸೆಟ್ಟಿನ ದನಿಯನ್ನೇ ಎತ್ತಿ ನಿಮ್ಮ ವಿಡಿಯೊಗೆ ಅಂಟಿಸಿದರೆ ತಪ್ಪು. ಅದೇ ಪದವನ್ನು ನಿಮ್ಮ ಮೇಳದವರು ನಿಮ್ಮ ದನಿಯಲ್ಲಿ ಹಾಡಿದರೆ ತಪ್ಪಿಲ್ಲ. ಕಂಪನಿಯವರು ಹೊಸದಾಗಿ ಕಟ್ಟಿಸಿದ ರಾಗಸಂಯೋಜನೆ ಇದ್ದರೆ ಅದು ಬೇರೆ ಮಾತು. ಆ ಸಂಯೋಜನೆಗೆ ಅದರದೇ ಹಕ್ಕುಂಟು. ತಲೆಮಾರುಗಳಿಂದ ಬಂದ ಧಾಟಿಗೆ ಅಂಥ ಹಕ್ಕಿಲ್ಲ.

ಮತ್ತೆ ಯೂಟ್ಯೂಬಿನಲ್ಲಿ ಬಿದ್ದದ್ದೇನು? ಹೆಚ್ಚಿನ ಸಲ ಅದು ಕ್ಲೇಮ್. ಎರಡು ದನಿಗಳನ್ನು ಹೋಲಿಸಿ ನೋಡುವ ಯಂತ್ರ ಹಾಕಿದ ಗುರುತು, ಅಷ್ಟೆ. ಅದು ಕೋರ್ಟಿನ ತೀರ್ಪಲ್ಲ. ಒಂದೇ ಪದ, ಒಂದೇ ಧಾಟಿ, ಅದೇ ಹಾರ್ಮೋನಿಯಂ ಇದ್ದಾಗ ಯಂತ್ರ ಎಡವುವುದುಂಟು. ಅದಕ್ಕೆ ಆಕ್ಷೇಪ ಸಲ್ಲಿಸುವ ದಾರಿ ಅಲ್ಲೇ ಇದೆ, ಎದುರಿನವರು 30 ದಿನಗಳೊಳಗೆ ಉತ್ತರ ಕೊಡಬೇಕು. ಸ್ಟ್ರೈಕ್ ಎಂಬುದು ಇದಕ್ಕಿಂತ ಗಂಭೀರ. 90 ದಿನಗಳಲ್ಲಿ ಮೂರು ಬಂದರೆ ಚಾನೆಲ್ಲೇ ಹೋಗಬಹುದು. ನಮ್ಮ ಹುಡುಗರು ಎರಡನ್ನೂ ಒಂದೇ ಎಂದುಕೊಂಡು, ಹೆದರಿ, ಅಪ್ಪಂದಿರು ಹಾಡಿದ ವಿಡಿಯೊಗಳನ್ನು ತಾವೇ ಅಳಿಸಿ ಹಾಕುತ್ತಾರೆ. ಇದು ನಿಜಕ್ಕೂ ಬೇಸರದ ಸಂಗತಿ.

ತಪ್ಪು ಕಲ್ಪನೆ: ಹಾಡು ಹಳೆಯದಾದರೆ ಹಾಡಿದವರಿಗೆ ಯಾವ ಹಕ್ಕೂ ಇಲ್ಲ, ಮೊಬೈಲ್ ಯಾರದೋ ವಿಡಿಯೊ ಅವರದು.

ವಾಸ್ತವ: ಪದ ಯಾರದೂ ಅಲ್ಲದಿರಬಹುದು, ಹಾಡಿಕೆ ಹಾಡಿದವರದು. ನಮ್ಮ ಕಾಪಿರೈಟ್ ಕಾಯ್ದೆ ಪ್ರದರ್ಶಕರಿಗೆ 50 ವರ್ಷಗಳ ಹಕ್ಕು ಕೊಟ್ಟಿದೆ. ಆ ಪ್ರದರ್ಶಕರ ಪಟ್ಟಿಯಲ್ಲಿ ಗಾಯಕ, ನಟರ ಜೊತೆಗೆ ದೊಂಬರಾಟದವನೂ ಹಾವಾಡಿಗನೂ ಇದ್ದಾರೆ. ಕಾನೂನು ಬರೆದವರು ಸಂತೆ, ಜಾತ್ರೆಗಳನ್ನು ಕಂಡವರೇ ಇರಬೇಕು. ಮೇಳದವರ ಒಪ್ಪಿಗೆಯಿಲ್ಲದೆ ಅವರ ಹಾಡಿಕೆಯನ್ನು ಮುದ್ರಿಸಿ ಜಾಹೀರಾತಿನ ಹಣ ಎಣಿಸುವುದು ಆ ಹಕ್ಕಿನ ಉಲ್ಲಂಘನೆ. ಹಾಡಿದವರ ಹೆಸರನ್ನು ಹಾಕದಿರುವುದು ಇನ್ನೊಂದು.

ಹೆಸರಿನ ಮಾತು ಬಂತಾದ್ದರಿಂದ ಒಂದು ವಿಷಯ. ತತ್ವಪದ ಹಾಡುವವರು ನಡುವಿನ ನುಡಿಗಳನ್ನು ಹಿಂದೆಮುಂದೆ ಮಾಡುತ್ತಾರೆ, ಒಂದೆರಡನ್ನು ಬಿಡುತ್ತಾರೆ, ತಮ್ಮ ಕಡೆಯ ಮಾತು ಸೇರಿಸುತ್ತಾರೆ. ಕೊನೆಯ ನುಡಿಯ ಅಂಕಿತವನ್ನು ಮಾತ್ರ ಬಿಡುವುದಿಲ್ಲ. ಓದುಬರಹ ಬಾರದ ಹಿರಿಯರೂ ಅಲ್ಲಿ ತಪ್ಪುವುದಿಲ್ಲ. ಕಾಯ್ದೆಯ 57ನೇ ಕಲಮು ಲೇಖಕನಿಗೆ ಕೊಟ್ಟ ವಿಶೇಷ ಹಕ್ಕೂ ಇದೇ ಬಗೆಯದು. ಕೃತಿಯನ್ನು ಮಾರಿದ ಮೇಲೂ ಇದು ತನ್ನದೆಂದು ಹೇಳಿಕೊಳ್ಳುವ, ಅದನ್ನು ಕೆಡಿಸಿ ತನ್ನ ಮರ್ಯಾದೆಗೆ ಕುಂದು ತಂದರೆ ತಡೆಯುವ ಹಕ್ಕು ಅವನಲ್ಲೇ ಉಳಿಯುತ್ತದೆ.

ತಪ್ಪು ಕಲ್ಪನೆ: ಹಾಡು ಬರೆದು ಎರಡು ಮೂರು ಸಾವಿರಕ್ಕೆ ಚಾನೆಲ್ಲಿನವರಿಗೆ ಕೊಟ್ಟ ಮೇಲೆ ಮುಗಿಯಿತು, ಅದು ಕೋಟಿ ಜನ ನೋಡಿದರೂ ಬರೆದವನು ಕೇಳುವಂತಿಲ್ಲ.

ವಾಸ್ತವ: ಉತ್ತರ ಕರ್ನಾಟಕದ ಜಾನಪದ ಶೈಲಿಯ ಹಾಡುಗಳು ಓಡುತ್ತಿರುವ ಈ ದಿನಗಳಲ್ಲಿ ನಮ್ಮ ಹಳ್ಳಿಗಳ ಕವಿಗಳು ತಿಳಿಯಲೇಬೇಕಾದ ವಿಷಯ ಇದು. ಬಾಯಿಮಾತಿನ ಮಾರಾಟ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಕೊಡುವವನ ಸಹಿ ಇರಬೇಕು. ಕರಾರಿನಲ್ಲಿ ಅವಧಿ ಕಾಣಿಸದಿದ್ದರೆ 5 ವರ್ಷ ಎಂದೇ ಅರ್ಥ, ಪ್ರದೇಶ ಕಾಣಿಸದಿದ್ದರೆ ಭಾರತ ಮಾತ್ರ. 2012ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಾಡಿನ ಸಾಹಿತ್ಯ ಬರೆದವರು ಮತ್ತು ರಾಗ ಕಟ್ಟಿದವರು ಗೌರವಧನದಲ್ಲಿ ತಮ್ಮ ಸಮಪಾಲನ್ನು ಬರೆದುಕೊಟ್ಟರೂ ಆ ಬರಹ ಊರ್ಜಿತವಾಗದು. ಕಾನೂನು ಇದ್ದಮಾತ್ರಕ್ಕೆ ಹಣ ಮನೆಗೆ ಬರುವುದಿಲ್ಲ, ನಿಜ. ಆದರೆ ಮುಗಿಯಿತು ಎಂದು ನಾವೇ ಹೇಳಿಕೊಂಡು ಕೂರುವುದಕ್ಕೆ ಕಾರಣವಿಲ್ಲ.

ತಪ್ಪು ಕಲ್ಪನೆ: ನೋಂದಣಿ ಮಾಡಿಸದಿದ್ದರೆ ಹಕ್ಕಿಲ್ಲ.

ವಾಸ್ತವ: ಬರೆದ ಕ್ಷಣವೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ಜಗಳ ಬಂದಾಗ ಸಾಕ್ಷಿಗೆ ಉಪಯೋಗ. ಸಾಹಿತ್ಯ ಕೃತಿಗೆ ಸರ್ಕಾರಿ ಶುಲ್ಕ 500 ರೂಪಾಯಿ. ಇದಕ್ಕೆ ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗಳನ್ನು ದೂರ ಇಡುವುದು ಒಳ್ಳೆಯದು.

ತಪ್ಪು ಕಲ್ಪನೆ: ಲೇಖಕ ತೀರಿಕೊಂಡರೆ ಅವನ ಪುಸ್ತಕ ಎಲ್ಲರದೂ ಆಗುತ್ತದೆ.

ವಾಸ್ತವ: ಆಗುತ್ತದೆ, ಆದರೆ 60 ವರ್ಷಗಳ ಮೇಲೆ. ಲೇಖಕ ತೀರಿಕೊಂಡ ಮರುವರ್ಷದ ಜನವರಿ 1ರಿಂದ ಎಣಿಕೆ. ಮೊದಲು ಇದು 50 ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ಮುಗಿಯುತ್ತ ಬಂದಾಗ ಅದನ್ನು 60ಕ್ಕೆ ಏರಿಸಲಾಯಿತು. ಒಬ್ಬ ಕವಿಯ ನೆಪದಲ್ಲಿ ಇಡೀ ದೇಶದ ಎಲ್ಲ ಪುಸ್ತಕಗಳಿಗೂ ಹತ್ತು ವರ್ಷ ಹೆಚ್ಚು ಬೇಲಿ. ಇದು ಹೆಚ್ಚಾಯಿತು ಎಂಬುದು ನಮ್ಮ ಅಭಿಪ್ರಾಯ.

ಲೆಕ್ಕ ಹಾಕಿ ನೋಡಿ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಹಕ್ಕು 2041ರ ಕೊನೆಯವರೆಗೆ. ಕುವೆಂಪು 1994ರಲ್ಲಿ, ಹಕ್ಕು 2054ರವರೆಗೆ. ಬಿ.ಎಂ.ಶ್ರೀ. 1946ರಲ್ಲಿ ಹೋದರು, ಅವರ ಬರಹ 2007ರಿಂದ ಮುಕ್ತ. ನಮ್ಮ ನೆರೆಯ ವಿಜಯಪುರದ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರ ಜೂನ್ 29ರಂದು. ಹಾಗಾಗಿ 2025ರ ಜನವರಿ 1ರಿಂದ ಅವರು ಬರೆದು ಪ್ರಕಟಿಸಿದ್ದೆಲ್ಲ ನಾಡಿನ ಸ್ವತ್ತು. ಈ ತಾರೀಖು ಸದ್ದಿಲ್ಲದೆ ದಾಟಿಹೋಯಿತು. ಯಾರಾದರೂ ಡೊಳ್ಳು ಬಾರಿಸಿದ್ದರೆ ತಪ್ಪಿರಲಿಲ್ಲ.

ಹಳಕಟ್ಟಿಯವರು ವಕೀಲರು. ಓಲೆಗರಿಗಳನ್ನು ಹುಡುಕಿಕೊಂಡು ಮನೆಮನೆ, ಮಠಮಠ ಅಲೆದವರು. ವಚನಶಾಸ್ತ್ರಸಾರದ ಮೊದಲ ಭಾಗ ತಂದದ್ದು 1923ರಲ್ಲಿ. ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಕಟ್ಟಿದರು, 1926ರಿಂದ ಶಿವಾನುಭವ ಪತ್ರಿಕೆ ನಡೆಸಿದರು. ಅವರು ಬೆಳಕಿಗೆ ತಂದ ವಚನಗಳಿಗೆ ಅವರು ಮಾಲೀಕರಾಗಿರಲಿಲ್ಲ, ಆಗಬಯಸಲೂ ಇಲ್ಲ. ಹಕ್ಕಿದ್ದದ್ದು ಅವರ ಟೀಕೆಗೆ, ಪ್ರಸ್ತಾವನೆಗೆ, ಲೇಖನಗಳಿಗೆ. ಇಂದು ವಚನ ಪುಸ್ತಕ ಅಚ್ಚು ಹಾಕುವವರಿಗೂ ಇದೇ ಗೆರೆ. ವಚನ ಮುಕ್ತ, ಇತ್ತೀಚಿನ ಸಂಪಾದಕರು ಬರೆದ ಟಿಪ್ಪಣಿ ಮುಕ್ತವಲ್ಲ.

ತಪ್ಪು ಕಲ್ಪನೆ: ಓದುವುದಕ್ಕಾದರೆ ಎಷ್ಟು ಬೇಕಾದರೂ ಝೆರಾಕ್ಸ್ ಮಾಡಿಸಬಹುದು. ಇದರ ತದ್ವಿರುದ್ಧ ನಂಬಿಕೆಯೂ ಚಾಲ್ತಿಯಲ್ಲಿದೆ: ಒಂದು ಪುಟ ಝೆರಾಕ್ಸ್ ಮಾಡಿಸಿದರೂ ಅಪರಾಧ.

ವಾಸ್ತವ: ಎರಡೂ ಅಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದ ಝೆರಾಕ್ಸ್ ಅಂಗಡಿಯೊಂದರ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ಪ್ರಕಾಶಕರು ದಾವೆ ಹೂಡಿದ್ದರು. ಪಠ್ಯಕ್ಕೆ ಬೇಕಾದ ಭಾಗಗಳನ್ನು ಬೇರೆ ಬೇರೆ ಪುಸ್ತಕಗಳಿಂದ ತೆಗೆದು ಕಟ್ಟು ಹಾಕಿ ವಿದ್ಯಾರ್ಥಿಗಳಿಗೆ ಮಾರುತ್ತಿದ್ದ ಅಂಗಡಿ ಅದು. 2016ರಲ್ಲಿ ದೆಹಲಿ ಹೈಕೋರ್ಟು ಪ್ರಕಾಶಕರ ವಾದ ಒಪ್ಪಲಿಲ್ಲ. ಪಾಠಕ್ಕೆ ಬೇಕಾದಷ್ಟನ್ನು ನಕಲು ಮಾಡುವುದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಹಕ್ಕುಸ್ವಾಮ್ಯ ಆಕಾಶದಿಂದ ಇಳಿದುಬಂದ ಹಕ್ಕೇನಲ್ಲ ಎಂಬ ನಿಲುವು ಅದರದು. 2017ರಲ್ಲಿ ಪ್ರಕಾಶಕರೇ ಹಿಂದೆ ಸರಿದರು.

ಹಾಗೆಂದು ಕಲಬುರಗಿಯಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ಟೆಲಿಗ್ರಾಂ ಗುಂಪುಗಳಲ್ಲಿ ಇಡೀ ಗೈಡ್ ಪಿಡಿಎಫ್ ಆಗಿ ಹರಿದಾಡುವುದಕ್ಕೆ ಈ ತೀರ್ಪಿನ ರಕ್ಷಣೆ ಇಲ್ಲ. ಅಂಗಡಿಯಲ್ಲಿ ಸಿಗುವ ಪುಸ್ತಕವನ್ನು ಅಟ್ಟೆಯಿಂದ ಅಟ್ಟೆಗೆ ಸ್ಕ್ಯಾನ್ ಮಾಡಿ ಹಂಚುವುದು ಪಾಠವಲ್ಲ. ಕಾಯ್ದೆಯಲ್ಲಿ ಇದಕ್ಕೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷದವರೆಗೆ ದಂಡವಿದೆ. ಸರ್ಕಾರಿ ನೌಕರಿಗೆ ಓದುವವರು ಈ ಕಲಮನ್ನೂ ಓದಿಕೊಳ್ಳುವುದು ಕ್ಷೇಮ. ಆದರೂ ಒಂದು ಮಾತು ಅವರ ಪರವಾಗಿ ಹೇಳಬೇಕು. ತಾಲ್ಲೂಕಿನ ಗ್ರಂಥಾಲಯದಲ್ಲಿ ಆ ಪುಸ್ತಕ ಇದ್ದಿದ್ದರೆ ಅವರಲ್ಲಿ ಎಷ್ಟೋ ಮಂದಿ ಪಿಡಿಎಫ್ ಹುಡುಕುತ್ತಿರಲಿಲ್ಲ. ಮಾರಾಟಕ್ಕೇ ಸಿಗದ ಪುಸ್ತಕವನ್ನು ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿಯವರೆಗೆ ಮಾಡಿಸಿಕೊಳ್ಳಲು ಕಾಯ್ದೆ ಬಿಟ್ಟಿದೆ. ಆ ವಿನಾಯಿತಿಯನ್ನು ಬಳಸಿದ ಗ್ರಂಥಾಲಯ ನಮ್ಮ ಕಡೆ ನಮಗಂತೂ ಕಂಡಿಲ್ಲ.

ತಪ್ಪು ಕಲ್ಪನೆ: ಮೂವತ್ತು ಸೆಕೆಂಡಿಗಿಂತ ಕಡಿಮೆ ಬಳಸಿದರೆ, ಅಥವಾ ಕೃಪೆ ಎಂದು ಹೆಸರು ಹಾಕಿದರೆ ಸಾಕು.

ವಾಸ್ತವ: ಅಂಥ ಸೆಕೆಂಡಿನ ಲೆಕ್ಕ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ವಿಮರ್ಶೆ, ಸುದ್ದಿ, ಸ್ವಂತ ಅಧ್ಯಯನಕ್ಕೆ ನ್ಯಾಯವಾದಷ್ಟು ಬಳಸಬಹುದು. ಎಷ್ಟು, ಏಕೆ, ಮೂಲದವರ ಹೊಟ್ಟೆಯ ಮೇಲೆ ಹೊಡೆಯುತ್ತದೆಯೇ ಎಂಬುದನ್ನು ನೋಡಿ ತೀರ್ಮಾನ. ಹೆಸರು ಹಾಕುವುದು ಸೌಜನ್ಯ, ಕೆಲವೆಡೆ ಕಡ್ಡಾಯ. ಅದು ಅನುಮತಿಗೆ ಬದಲಿಯಲ್ಲ.

ತಪ್ಪು ಕಲ್ಪನೆ: ಜಾತ್ರೆಯ ನಾಟಕಕ್ಕೆ, ಮದುವೆಯ ಬ್ಯಾಂಡಿಗೆ ಲೈಸೆನ್ಸ್ ಬೇಕು.

ವಾಸ್ತವ: ಮದುವೆಯ ಮಾತು ಸುಲಭ. ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಂಭ್ರಮಗಳಲ್ಲಿ ಹಾಡು ನುಡಿಸಿದರೆ ಉಲ್ಲಂಘನೆಯಲ್ಲ ಎಂದು ಕಾಯ್ದೆ ಹೇಳುತ್ತದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನು ಮತ್ತೆ ಸ್ಪಷ್ಟಪಡಿಸಿತು.

ನಾಟಕದ್ದು ಸ್ವಲ್ಪ ಸೂಕ್ಷ್ಮ. ಮಣ್ಣೂರಿನಂಥ ಊರುಗಳಲ್ಲಿ ಯಲ್ಲಮ್ಮನ ಜಾತ್ರೆಯ ಹೊತ್ತಿಗೆ ಹುಡುಗರು ಅಚ್ಚಾದ ನಾಟಕದ ಪುಸ್ತಕ ತಂದು, ಮಾಸ್ತರರನ್ನು ಹಿಡಿದು, ತಿಂಗಳುಗಟ್ಟಲೆ ತಾಲೀಮು ಮಾಡಿ ಆಡುತ್ತಾರೆ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಆಡಿದರೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ ಕಾಯ್ದೆ ಅಡ್ಡಬರುವುದಿಲ್ಲ. ಗುಡಿಯ ಸಹಾಯಾರ್ಥವಾಗಿದ್ದರೆ ಟಿಕೆಟ್ ಇಟ್ಟರೂ ನಡೆದೀತು. ಆದರೆ ಹೆಣ್ಣು ಪಾತ್ರಕ್ಕೆ ಸಂಭಾವನೆ ಕೊಟ್ಟು ಕಲಾವಿದೆಯರನ್ನು ಕರೆಸಿದ ಮೇಲೆ ತಂಡ ಇನ್ನೂ ಹವ್ಯಾಸಿಯೇ? ಇಲ್ಲಿ ವಾದಕ್ಕೆ ಜಾಗವಿದೆ. ನಾಟಕಕಾರರು ಅಥವಾ ಅವರ ಮನೆಯವರು ಬದುಕಿದ್ದರೆ ಒಂದು ಫೋನ್ ಮಾಡಿ, ಕಾಯಿ ಕರ್ಪೂರದ ಖರ್ಚಿನಷ್ಟಾದರೂ ಗೌರವಧನ ಕೊಡುವುದು ಮರ್ಯಾದೆ.

ತಪ್ಪು ಕಲ್ಪನೆ: ಕೋರ್ಟುಗಳು ಈಗ ಯಕ್ಷಗಾನಕ್ಕೂ ಹಕ್ಕು ಕೊಟ್ಟುಬಿಟ್ಟಿವೆ, ನಾಳೆ ದೊಡ್ಡಾಟಕ್ಕೂ ಯಾರಾದರೂ ಬೇಲಿ ಹಾಕುತ್ತಾರೆ.

ವಾಸ್ತವ: ಈ ವದಂತಿಯ ಹಿಂದೆ ಒಂದು ನಿಜವಾದ ಪ್ರಕರಣವಿದೆ. ಶಿವರಾಮ ಕಾರಂತರು ಸಾಂಪ್ರದಾಯಿಕ ಯಕ್ಷಗಾನದ ವೇಷ, ರಾಗ, ರಂಗಕ್ರಮಗಳನ್ನು ಮಾರ್ಪಡಿಸಿ ಬ್ಯಾಲೆ ಪ್ರಯೋಗಗಳನ್ನು ಕಟ್ಟಿದ್ದರು. 1997ರಲ್ಲಿ ಅವರು ತೀರಿಕೊಂಡ ಮೇಲೆ, ಉಯಿಲಿನ ಮೂಲಕ ಹಕ್ಕು ಪಡೆದವರು ಅನುಮತಿಯಿಲ್ಲದ ಪ್ರದರ್ಶನದ ವಿರುದ್ಧ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಮೇಲೆ ದಾವೆ ಹೂಡಿದರು. 2009ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕನ್ನು ಎತ್ತಿಹಿಡಿಯಿತು. ಹಕ್ಕು ಸಿಕ್ಕಿದ್ದು ಕಾರಂತರು ಹೊಸದಾಗಿ ಕಟ್ಟಿದ್ದಕ್ಕೆ. ಅವರು ಎಲ್ಲಿಂದ ಕಲಿತರೋ ಆ ಯಕ್ಷಗಾನಕ್ಕಲ್ಲ. ಬಡಗುತಿಟ್ಟಿನ ಮೇಳಗಳು ಆ ತೀರ್ಪಿನ ಮರುದಿನವೂ ಆಡಿದವು, ಇಂದೂ ಆಡುತ್ತಿವೆ. ಅಷ್ಟೇ ಅಲ್ಲ, ಪಾಠದ ಅಂಗವಾಗಿ ಅಥವಾ ಹವ್ಯಾಸಿಗಳಾಗಿ ಆಡುವ ಕಾಯ್ದೆಬದ್ಧ ವಿನಾಯಿತಿಗಳನ್ನು ಅಕಾಡೆಮಿಯೂ ಬಳಸಬಹುದೆಂದು ಅದೇ ತೀರ್ಪು ಹೇಳಿತು. ಸುದ್ದಿಯಾದದ್ದು ಮೊದಲಿನ ಅರ್ಧ ಮಾತ್ರ.

ತಪ್ಪು ಕಲ್ಪನೆ: ಹಕ್ಕನ್ನು ಬಿಟ್ಟುಕೊಡುವುದೆಂದರೆ ಹೆಸರನ್ನೂ ಬಿಟ್ಟುಕೊಟ್ಟಂತೆ.

ವಾಸ್ತವ: ಕಯ್ಯೂರಿನ ರೈತ ಹೋರಾಟದ ಮೇಲೆ ಚಿರಸ್ಮರಣೆ ಬರೆದ ನಿರಂಜನರು 1992ರಲ್ಲಿ ತೀರಿಕೊಂಡರು. ಅವರ ಬರಹದ ಹಕ್ಕು 2052ರವರೆಗೆ ಇರಬೇಕಿತ್ತು. 2014ರಲ್ಲಿ ಅವರ ಮಗಳು ತೇಜಸ್ವಿನಿ ನಿರಂಜನ ಅವರು ತಂದೆಯ 55 ಪುಸ್ತಕಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಓದುಗರಿಗೆ ತೆರೆದರು. ಯಾರು ಬೇಕಾದರೂ ಹಂಚಬಹುದು, ಹೆಸರು ಮಾತ್ರ ಹೇಳಲೇಬೇಕು, ಮುಂದಿನವರಿಗೂ ಅದೇ ಷರತ್ತಿನಲ್ಲಿ ಕೊಡಬೇಕು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳೂ ಅದೇ ವರ್ಷ ಇದೇ ದಾರಿ ಹಿಡಿದವು. ಎಲ್ಲ ಲೇಖಕರೂ ಹೀಗೆ ಮಾಡಲಿ ಎಂದು ಕೇಳುವುದು ನ್ಯಾಯವಲ್ಲ. ಬರೆದು ಬದುಕುವವರಿಗೆ ಗೌರವಧನವೇ ಜೋಳದ ಚೀಲ. ಆದರೆ ಮರುಮುದ್ರಣ ಕಾಣದೆ ಕಪಾಟಿನಲ್ಲಿ ಸಾಯುತ್ತಿರುವ ಪುಸ್ತಕಗಳ ವಾರಸುದಾರರು ಯೋಚಿಸಬಹುದು.

ತಪ್ಪು ಕಲ್ಪನೆ: ಗುರುವಿನ ಪದವನ್ನು ಉಪದೇಶವಿಲ್ಲದವರ ಮುಂದೆ ಬಿಚ್ಚಿದರೆ, ಅಚ್ಚಿಗೆ ಕೊಟ್ಟರೆ ಅದರ ಶಕ್ತಿ ಹೋಗುತ್ತದೆ, ಮನೆಗೆ ಕೇಡು.

ವಾಸ್ತವ: ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಬೆಡಗಿನ ಪದಗಳಿಗೆ ಅರ್ಥ ಹೇಳಿಕೊಡುವವರು ಬೇಕು, ಅಪಾರ್ಥವಾದೀತೆಂಬ ಅಂಜಿಕೆಯಲ್ಲಿ ಹುರುಳಿದೆ. ಆದರೆ ಅರ್ಥ ಕಾಯುವುದು ಬೇರೆ, ಅಕ್ಷರ ಮುಚ್ಚಿಡುವುದು ಬೇರೆ. ಜಗಲಿಯ ಮೇಲೆ ವಸ್ತ್ರದಲ್ಲಿ ಕಟ್ಟಿಟ್ಟು, ವರ್ಷಕ್ಕೊಮ್ಮೆ ಭಂಡಾರ ಹಚ್ಚಿ ಕೈಮುಗಿಯುವ ಹಸ್ತಪ್ರತಿಗಳನ್ನು ಗೆದ್ದಲು ಉಪದೇಶವಿಲ್ಲದೆಯೇ ಓದಿ ಮುಗಿಸುತ್ತದೆ. ಹಳಕಟ್ಟಿಯವರಿಗೆ ಓಲೆಗರಿ ಕೊಟ್ಟ ಮನೆಗಳಿಗೆ ಕೇಡಾಗಿದ್ದರೆ ವಚನಗಳನ್ನು ಇಂದು ಯಾರೂ ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಕಾನೂನಿನ ತೊಡಕೂ ಇಲ್ಲ. ಹಳೆಯ ಸಂತರ ಪದಗಳ ನಕಲು ಪ್ರತಿಯಾದರೆ ಅದು ಮುಕ್ತವೇ. ಮುತ್ತಜ್ಜ ತಾನೇ ಕಟ್ಟಿದ ಪದಗಳಾಗಿದ್ದು ಅವು ಎಲ್ಲೂ ಅಚ್ಚಾಗಿಲ್ಲದಿದ್ದರೆ, ಹಕ್ಕಿನ ವಿಷಯ ಮನೆಯವರೇ ಮೊದಲು ಕೂತು ಮಾತಾಡಿಕೊಳ್ಳಲಿ. ಅದಕ್ಕೂ ಮುಂಚೆ ಪುಟಪುಟಕ್ಕೆ ಫೋಟೊ ತೆಗೆದುಕೊಳ್ಳಲಿ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.