ಎದೆ ಡವಗುಟ್ಟಿದ ಆ ರಾತ್ರಿ

ಕಳೆದ ವರ್ಷ ಒಂದು ರಾತ್ರಿ ಎರಡು ಗಂಟೆಗೆ ನಮ್ಮ ರೂಮಿನ ಗೆಳೆಯ ದಡಕ್ಕನೆ ಎದ್ದು ಕುಳಿತ. ಮೈಯೆಲ್ಲ ಬೆವರು, ಕೈ ನಡುಕ, ಉಸಿರು ಸಿಗುತ್ತಿಲ್ಲ. "ಹಾರ್ಟ್ ಅಟ್ಯಾಕ್ ಇರಬೇಕು, ಮನೆಗೆ ಫೋನ್ ಮಾಡು" ಎಂದ. ಆಸ್ಪತ್ರೆಗೆ ಕರೆದೊಯ್ದೆವು. ಇಸಿಜಿ, ರಕ್ತಪರೀಕ್ಷೆ ಎಲ್ಲವೂ ಸರಿ ಇದ್ದವು. ವೈದ್ಯರು ಇದು ಪ್ಯಾನಿಕ್ ಅಟ್ಯಾಕ್, ಮನೋವೈದ್ಯರನ್ನು ಕಾಣಿ ಎಂದರು. ಬದುಕಿದೆ ಎನ್ನುವ ಸಮಾಧಾನಕ್ಕಿಂತ ಅವನಿಗೆ ನಾಚಿಕೆಯೇ ಹೆಚ್ಚಾಯಿತು. "ನನಗೇನು ಹುಚ್ಚೇ?" ಎಂದು ಕೇಳಿದ.

ಈ ಪ್ರಶ್ನೆಗೆ ದೊಡ್ಡ ಇತಿಹಾಸವಿದೆ. ನಮ್ಮ ಊರುಗಳಲ್ಲಿ ಇಂಥದ್ದನ್ನು ಗಾಳಿ ಸೋಂಕು, ದೃಷ್ಟಿ ಎಂದು ತಿಳಿದು ನೂಲು ಕಟ್ಟಿಸುತ್ತಿದ್ದರು. 1871ರಲ್ಲಿ ಅಮೆರಿಕದ ವೈದ್ಯ ಡಾ ಕೋಸ್ಟಾ, ಯುದ್ಧಕ್ಕೆ ಹೋಗಿದ್ದ ಸೈನಿಕರಲ್ಲಿ ಇದೇ ಎದೆಬಡಿತ, ಉಸಿರುಗಟ್ಟುವಿಕೆಯನ್ನು ಕಂಡು ಹೃದಯದ ತೊಂದರೆ ಎಂದು ಬರೆದ. 1895ರಲ್ಲಿ ಫ್ರಾಯ್ಡ್ ಇದನ್ನು ಆತಂಕದ ಕಾಯಿಲೆ ಎಂದು ಪ್ರತ್ಯೇಕಿಸಿದ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯು ಪ್ಯಾನಿಕ್ ಕಾಯಿಲೆಯನ್ನೂ ಸದಾ ಕಾಡುವ ಆತಂಕವನ್ನೂ ಬೇರೆಬೇರೆಯಾಗಿ ಹೆಸರಿಸಿತು.

ಚಿಕಿತ್ಸೆಯೂ ಬದಲಾಯಿತು. 1960ರ ದಶಕದಲ್ಲಿ ಲಿಬ್ರಿಯಂ, ವ್ಯಾಲಿಯಂ ಮಾತ್ರೆಗಳು ಬಂದವು. ಬೇಗ ಶಮನ ಕೊಟ್ಟರೂ ಅವು ಚಟವಾಗಬಲ್ಲವು ಎಂದು ನಂತರ ಗೊತ್ತಾಯಿತು. ಈಗ ಹೆಚ್ಚಾಗಿ ಕೊಡುವ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಬೇಕು. ಜೊತೆಗೆ, "ಸತ್ತೇ ಹೋಗುತ್ತೇನೆ" ಎಂಬ ಯೋಚನೆಯನ್ನು ಪರೀಕ್ಷಿಸಿ, ಭಯವನ್ನು ಹಂತಹಂತವಾಗಿ ಎದುರಿಸಲು ಕಲಿಸುವ ಆಪ್ತಸಮಾಲೋಚನೆಯೂ ಇದೆ.

ನಮ್ಮ ಬೆಂಗಳೂರೂ ಈ ದಾರಿಯಲ್ಲಿ ನಡೆದು ಬಂದಿದೆ. ಅಲ್ಲಿನ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1954ರಲ್ಲಿ ತರಬೇತಿ ಸಂಸ್ಥೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಊರಿನಲ್ಲಿರುವ ಮನೆಯವರಿಗೆ, ರಜೆಗೆ ಹೋದಾಗ ನಮಗೂ ಇದು ಉಪಯೋಗಕ್ಕೆ ಬರುತ್ತದೆ.

ಬಹರೈನ್‌ನಲ್ಲಿರುವ ನಾವು ಕೆಲವು ಮಾತು ನೆನಪಿಡಬೇಕು. ಎದೆನೋವು ಬಂದರೆ ಗಾಬರಿಯಿಂದ ಬಂದಿರಬಹುದೆಂದು ನಾವೇ ತೀರ್ಮಾನಿಸಬಾರದು. 999ಕ್ಕೆ ಕರೆ ಮಾಡಿ ಮೊದಲು ಹೃದಯ ಪರೀಕ್ಷೆ ಆಗಲಿ. ಥೈರಾಯ್ಡ್ ತೊಂದರೆ, ಅತಿಯಾದ ಚಹಾ-ಕಾಫಿ ಸಹ ಎದೆಬಡಿತ ಹೆಚ್ಚಿಸುತ್ತವೆ. ಊರಿನಿಂದ ನಿದ್ದೆ ಮಾತ್ರೆ, ಆತಂಕದ ಮಾತ್ರೆ ತರುವವರು ವೈದ್ಯರ ಚೀಟಿ ಇಟ್ಟುಕೊಳ್ಳಿ, ಇಲ್ಲಿನ ನಿಯಮ ವಿಚಾರಿಸಿಕೊಂಡೇ ತನ್ನಿ. ಇನ್ನೊಬ್ಬರಿಗೆ ಬರೆದ ಮಾತ್ರೆ ನುಂಗಬೇಡಿ, ನಡೆಯುತ್ತಿರುವ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಲೂಬೇಡಿ.

ಗೆಳೆಯ ಒಂದು ತಿಂಗಳು ತಡಮಾಡಿ, ಕಡೆಗೆ ವೈದ್ಯರ ಬಳಿ ಹೋದ. ವೀಸಾ, ಸಾಲ, ತಂಗಿಯ ಮದುವೆ ಎಂದು ಯಾರಿಗೂ ಹೇಳದೆ ಹೊತ್ತಿದ್ದ ಭಾರವನ್ನು ಅಲ್ಲಿ ಮೊದಲ ಸಲ ಇಳಿಸಿದನಂತೆ. ಈಗಲೂ ಅಪರೂಪಕ್ಕೊಮ್ಮೆ ಎದೆ ಡವಗುಟ್ಟುತ್ತದೆ. "ಬಂತು, ಸ್ವಲ್ಪ ಹೊತ್ತಿಗೆ ಹೋಗುತ್ತದೆ" ಎಂದು ಹೇಳಿ ನಿಧಾನವಾಗಿ ಉಸಿರಾಡುತ್ತಾನೆ. ನಾವು ದೀಪ ಹಾಕಿ ಪಕ್ಕದಲ್ಲಿ ಕೂರುತ್ತೇವೆ.

ನಿಮ್ಮ ರೂಮಿನಲ್ಲೂ ಹೀಗೆ ರಾತ್ರಿ ಎದ್ದು ಕೂರುವವರಿದ್ದರೆ ನಗಬೇಡಿ. ಪಕ್ಕದಲ್ಲಿ ಕುಳಿತು, ಏನಾಯಿತು ಎಂದು ಕೇಳಿ.