ಎರಡು ಭಾಷೆ, ಒಂದೇ ಒಲೆ



ನಮ್ಮ ಕಡೆ ಒಂದೇ ಭಾಷೆ ಇಲ್ಲ. ವಿಜಯಪುರ ಶಹರದಲ್ಲಿ ಕನ್ನಡದ ಸಂಗಡ ಉರ್ದು ಇದೆ. ತಿಕೋಟಾ, ಬಬಲೇಶ್ವರದ ಸುತ್ತಿನ ತಾಂಡಾಗಳಲ್ಲಿ ಲಂಬಾಣಿ ಇದೆ. ಗಡಿ ಕಡೆ ಹೋದರೆ ಮರಾಠಿ ಕೇಳುತ್ತದೆ.

“ಮನಿ ಮಾತು ಬಿಡ್ರಿ. ಎರಡು ಭಾಷೆ ಆದರ ಕೂಸಿನ ತಲಿ ಕೆಡತೈತಿ” ಎಂದು ಕೆಲವರು ತಾಯಂದಿರಿಗೆ ಹೇಳುತ್ತಾರೆ. ಇದು ಖರೆ ಏನು? ನೋಡೋಣ.

ಮಾತಿನ ಕೆಲಸ ನಡೆಯುವುದು ಮಿದುಳಿನಲ್ಲಿ. 1861ರಲ್ಲಿ ಫ್ರಾನ್ಸ್ ದೇಶದ ಡಾಕ್ಟರ್ ಬ್ರೋಕಾ ಒಬ್ಬ ರೋಗಿಯ ಮಿದುಳು ಪರೀಕ್ಷೆ ಮಾಡಿದರು. ಆ ರೋಗಿಗೆ ಸಾಯುವ ಮೊದಲು ಬಹಳ ವರ್ಷ ಮಾತು ನಿಂತಿತ್ತು. ಅವನ ಮಿದುಳಿನ ಎಡಭಾಗ, ಮುಂದಿನ ಕಡೆ, ಕೆಟ್ಟಿತ್ತು. ಹೆಚ್ಚಿನ ಜನರಲ್ಲಿ ಮಾತಿನ ಕೆಲಸ ಎಡಭಾಗದಲ್ಲೇ ಹೆಚ್ಚು ಎಂದು ಮುಂದೆ ತಿಳಿಯಿತು.

ಹಾಗಾದರೆ ಎರಡು ಭಾಷೆಗೆ ಎರಡು ಕೋಣೆ ಇವೆಯೇ? ಇಲ್ಲ. ಬಹಳಮಟ್ಟಿಗೆ ಅದೇ ಜಾಗವೇ ಎರಡೂ ಭಾಷೆಯ ಕೆಲಸ ಮಾಡುತ್ತದೆ. ಒಂದೇ ಒಲಿ ಮ್ಯಾಲ ರೊಟ್ಟಿನೂ ಆಗತೈತಿ, ಪಲ್ಯನೂ ಆಗತೈತಿ. ಹಂಗೇ ಇದು. ಮಿದುಳು ತುಂಬಿ ಚೆಲ್ಲುವ ಚೀಲ ಅಲ್ಲ.

ಆದರೂ ಮನೆಮಾತು ಸಲೀಸು, ಎರಡನೆಯದು ತೊಡಕು. ಯಾಕೆ? ಕೂಸು ಹೊಟ್ಟೆಯಲ್ಲಿದ್ದಾಗಲೇ ತಾಯಿಯ ದನಿ ಕೇಳುತ್ತದೆ. ವರ್ಷ ತುಂಬುವುದರೊಳಗೆ ಅದರ ಕಿವಿ ಮನೆಮಾತಿನ ಸಪ್ಪಳಕ್ಕೆ ಪಳಗುತ್ತದೆ. ಉರ್ದುವಿನಲ್ಲಿ ‘ಳ’ ಇಲ್ಲ. ಹೀಗಾಗಿ ಕನ್ನಡವನ್ನು ತಡವಾಗಿ ಕಲಿತವರ ಬಾಯಲ್ಲಿ ‘ಹಳ್ಳಿ’ ಒಮ್ಮೊಮ್ಮೆ ‘ಹಲ್ಲಿ’ ಆಗುತ್ತದೆ. ಉರ್ದುವಿನ ಕೆಲವು ಸಪ್ಪಳ ಕನ್ನಡದವರಿಗೂ ಹೊರಳುವುದಿಲ್ಲ. ಇದು ದಡ್ಡತನ ಅಲ್ಲ.

ತಡವಾಗಿ ಕಲಿತ ಭಾಷೆಯಲ್ಲಿ ಮಿದುಳು ಹೆಚ್ಚು ದುಡಿಯಬೇಕು. ಶಬ್ದ ಹುಡುಕಬೇಕು. ನಡುವೆ ನುಗ್ಗುವ ಮನೆಮಾತನ್ನು ತಡೆಯಬೇಕು. ಅದಕ್ಕೇ ಮಾತು ನಿಧಾನ. ರೊಟ್ಟಿ ಬಡಿಯಲು ಕಲಿತ ಹೊಸದರಲ್ಲಿ ಕಣ್ಣೆಲ್ಲ ಕೈ ಮೇಲೇ ಇರುತ್ತಿತ್ತು. ಈಗ ಮಾತಾಡುತ್ತಲೇ ಬಡಿಯುತ್ತೇವೆ. ಭಾಷೆಯೂ ಹಾಗೇ ರೂಢಿ ಆಗುತ್ತದೆ.

ತಾಂಡಾದ ಹುಡುಗಿ ಒಂದನೇ ಇಯತ್ತೆಯಲ್ಲಿ ಸುಮ್ಮನೆ ಕೂಡುತ್ತಾಳೆ. “ಈಕಿಗಿ ಏನೂ ಬರೂದಿಲ್ಲ” ಎನ್ನಬೇಡಿರಿ. ಮನೆಯಲ್ಲಿ ಲಂಬಾಣಿಯಲ್ಲಿ ಹತ್ತರ ತನಕ ಎಣಿಸಲು ಕಲಿತಿದ್ದರೆ ಅವಳಿಗೆ ಲೆಕ್ಕ ಗೊತ್ತಿದೆ. ಕನ್ನಡದ ಹೆಸರು ಮಾತ್ರ ಕಲಿಯಬೇಕು. ತಾಯಿ ತನ್ನ ಮಾತು ಬಿಟ್ಟು, ಬಂದಷ್ಟೇ ಕನ್ನಡದಲ್ಲಿ ಎರಡು ಶಬ್ದ ಆಡಿದರೆ ಮಗಳಿಗೆ ಕಥೆಯೂ ಇಲ್ಲ, ಲೆಕ್ಕವೂ ಇಲ್ಲ.

ಅದಕ್ಕೇ ಮನೆಯಲ್ಲಿ ನಿಮ್ಮ ಮಾತನ್ನೇ ಬಾಯಿ ತುಂಬ ಆಡಿರಿ. ಕಥೆ ಹೇಳಿರಿ. ಹಾಡಿರಿ. ಕನ್ನಡ ಮನೆಮಾತಲ್ಲದ ಅಕ್ಕಂದಿರೇ, ಕಲಿಕೆಯ ಕೇಂದ್ರದಲ್ಲಿ, ಬಸ್ಸಿನಲ್ಲಿ, ದವಾಖಾನೆಯಲ್ಲಿ ಕನ್ನಡ ಮಾತಾಡಿರಿ. ತಪ್ಪಿದರೂ ನಾಚಬೇಡಿರಿ. ಆಡಿದಷ್ಟೂ ನಾಲಿಗೆ ಹೊರಳುತ್ತದೆ.

ಕೂಡಿ ಮಾತಾಡೋಣ:
1. ನಿಮ್ಮ ಓಣಿಯಲ್ಲಿ ಯಾವ ಯಾವ ಮನೆಮಾತುಗಳಿವೆ?
2. ನಿಮ್ಮ ಅವ್ವ ಹೇಳಿದ ಯಾವ ಕಥೆಯನ್ನು ಮಕ್ಕಳಿಗೆ ಹೇಳಿದ್ದೀರಿ?