ವಿಮಾನದ ಚಿತ್ರವನ್ನು ತೂಗಿನೋಡುವ ಬಗೆ

ವಿಮಾನಗಳ ಚಿತ್ರ ತೆಗೆಯುವ ಹವ್ಯಾಸವು ಮುಂಬಯಿ, ಬೆಂಗಳೂರುಗಳಂಥ ದೊಡ್ಡ ನಿಲ್ದಾಣಗಳ ಆಸುಪಾಸಿನಲ್ಲಿ ಬೆಳೆದದ್ದಾದರೂ, 2025ರ ಜೂನ್‌ನಲ್ಲಿ ಸೊಲ್ಲಾಪುರದಿಂದ ಗೋವೆಗೆ ಫ್ಲೈ91 ಸಂಸ್ಥೆಯ ಹಾರಾಟ ಆರಂಭವಾದ ಮೇಲೆ ಅಕ್ಕಲಕೋಟದಂಥ ಗಡಿ ತಾಲ್ಲೂಕಿನ ಕನ್ನಡಿಗ ಹವ್ಯಾಸಿಗೂ ಅದು ಹತ್ತಿರವಾಗಿದೆ. ಆದರೆ ದೊಡ್ಡ ನಗರದಲ್ಲಿ ನಿಮಿಷಕ್ಕೊಂದರಂತೆ ಸಿಗುವ ಅವಕಾಶ ಇಲ್ಲಿ ವಿರಳವಾದುದರಿಂದ, ತೆಗೆದ ಚಿತ್ರವನ್ನು ಯಾವ ಅಳತೆಯಿಂದ ನೋಡಬೇಕೆಂಬ ಪ್ರಶ್ನೆ ಇಲ್ಲಿನ ಹೊಸಬನಿಗೆ ಹೆಚ್ಚು ಮುಖ್ಯವಾಗುತ್ತದೆ.

ಫ್ಲೈ91 ಬಳಸುವ ಎಟಿಆರ್ 72 ವಿಮಾನದ ಪ್ರತಿ ಎಂಜಿನ್‌ಗೂ ಆರು ಅಲಗುಗಳ ಪ್ರೊಪೆಲರ್ ಇದ್ದು, ಮೇಲೇರುವಾಗ ಅದು ಸೆಕೆಂಡಿಗೆ ಸುಮಾರು 20 ಸುತ್ತು ತಿರುಗುತ್ತದೆ. ಶಟರ್ ವೇಗವು, ಎಂದರೆ ಕ್ಯಾಮೆರಾದ ಒಳಗೆ ಬೆಳಕು ಬೀಳುವ ಅವಧಿಯು, ಸೆಕೆಂಡಿನ ಸಾವಿರದಲ್ಲೊಂದು ಭಾಗವಾಗಿದ್ದರೆ ಅಲಗು ಅಷ್ಟರಲ್ಲಿ 7 ಡಿಗ್ರಿ ಮಾತ್ರ ಸರಿಯುವುದರಿಂದ, ಎಂಜಿನ್ ಕೆಟ್ಟು ನಿಂತ ವಿಮಾನವನ್ನು ಆಕಾಶದಲ್ಲಿ ತೂಗುಹಾಕಿದಂತೆ ಚಿತ್ರ ಮೂಡುತ್ತದೆ. ಅದೇ ಅವಧಿಯನ್ನು 125ರಲ್ಲೊಂದು ಭಾಗಕ್ಕೆ ಹಿಗ್ಗಿಸಿದರೆ ಅಲಗು ಸುಮಾರು 58 ಡಿಗ್ರಿ ಸರಿದು ಪಕ್ಕದ ಅಲಗಿನ ಜಾಗವನ್ನು ಮುಟ್ಟುವುದರಿಂದ ಪ್ರೊಪೆಲರ್ ತುಂಬು ಚಕ್ರವಾಗಿ ಕಾಣುತ್ತದೆ. ಆದರೆ ಆಗ ವಿಮಾನದ ವೇಗಕ್ಕೆ ಸರಿಯಾಗಿ ಕ್ಯಾಮೆರಾವನ್ನು ತಿರುಗಿಸುತ್ತ ಹೋಗುವ ಪ್ಯಾನಿಂಗ್ ಸ್ವಲ್ಪ ತಪ್ಪಿದರೂ ವಿಮಾನದ ಮೈಯೇ ಮಸುಕಾಗುತ್ತದೆ. ನುರಿತವರ ಕೈಯಲ್ಲಿಯೂ ಇಂಥ ಹಲವು ಚಿತ್ರಗಳು ಹಾಳಾಗುತ್ತವೆ, ಮತ್ತು ಈ ಮಾತನ್ನು ಹೊಸಬರಿಗೆ ಮೊದಲ ದಿನವೇ ಹೇಳಬೇಕು.

ಹೇಳದಿದ್ದರೆ, ಸ್ಪಷ್ಟತೆಯೊಂದನ್ನೇ ಗುಣವೆಂದು ನಂಬಿದ ಹವ್ಯಾಸಿಯು ಪ್ರೊಪೆಲರ್ ಚಲನೆ ಸೊಗಸಾಗಿ ಮೂಡಿದ ಚಿತ್ರವನ್ನು ಅಳಿಸಿ, ನಿಶ್ಚಲವಾದುದನ್ನು ಉಳಿಸಿಕೊಳ್ಳುತ್ತಾನೆ. ಬೇಸಿಗೆಯ ಸೊಲ್ಲಾಪುರದಲ್ಲಿ ತೊಂದರೆ ಇನ್ನೊಂದು: ಕಾದ ರನ್‌ವೇಯಿಂದ ಏಳುವ ಬಿಸಿಗಾಳಿಯು ಬೆಳಕನ್ನು ಅಂಕುಡೊಂಕಾಗಿ ಬಾಗಿಸುವುದರಿಂದ ಮಧ್ಯಾಹ್ನದಲ್ಲಿ ದೂರದ ವಿಮಾನದ ಅಂಚುಗಳು ನಡುಗಿದಂತೆ ಕಾಣುತ್ತವೆ, ಮತ್ತು ಎಷ್ಟೇ ಬೆಲೆಯ ಲೆನ್ಸ್ ಕೂಡ ಅದನ್ನು ಸರಿಪಡಿಸಲಾರದು. ಇದನ್ನು ತನ್ನ ಕೈಯ ದೋಷವೆಂದು ತಿಳಿದು ನೊಂದುಕೊಳ್ಳುವುದು ಆತ್ಮವಿಮರ್ಶೆಯಲ್ಲ. ವಾಲಿದ ದಿಗಂತ, ಬಿಳಿಯ ಆಕಾಶಕ್ಕೆ ಕ್ಯಾಮೆರಾ ಮೋಸಹೋದುದರಿಂದ ಕಪ್ಪಾದ ವಿಮಾನದ ಹೊಟ್ಟೆ, ಸೆನ್ಸರ್ ಮೇಲಿನ ಧೂಳಿನ ಚುಕ್ಕೆ, ಇವು ನಿಜಕ್ಕೂ ಹವ್ಯಾಸಿ ತಿದ್ದಿಕೊಳ್ಳಬಹುದಾದ ದೋಷಗಳು; ಚಿತ್ರದ ಕಾಂಟ್ರಾಸ್ಟ್ ಹೆಚ್ಚಿಸಿ ನೋಡಿದರೆ ಧೂಳು ತಾನಾಗಿ ಕಣ್ಣಿಗೆ ಬೀಳುತ್ತದೆ.

ಹಿರಿಯರ ಪ್ರೋತ್ಸಾಹವೂ ಇಷ್ಟೇ ಖಚಿತವಾಗಿರಬೇಕು. ‘ಚೆನ್ನಾಗಿದೆ’ ಎಂಬ ಮಾತು ಹಿತವೆನಿಸಿದರೂ ಮುಂದಿನ ಹಾರಾಟಕ್ಕೆ ಏನನ್ನೂ ಕಲಿಸುವುದಿಲ್ಲ. ಪ್ರೊಪೆಲರ್ ಸರಿಯಾಗಿ ಬಂದಿದೆ, ಮೂಗಿನ ಭಾಗ ಸ್ಪಷ್ಟವಾಗಿದೆ, ಬಾಲ ಮಸುಕಾಗಿರುವುದು ಪ್ಯಾನಿಂಗ್ ತಪ್ಪಿದ್ದರಿಂದ ಎಂದು ಬಿಡಿಸಿ ಹೇಳಿದಾಗ ಮಾತ್ರ ಕಲಿಯುವವನಿಗೆ ಧೈರ್ಯವೂ ದಾರಿಯೂ ಸಿಗುತ್ತವೆ.

ನಿಲ್ದಾಣದ ಆವರಣದಲ್ಲಿ ಚಿತ್ರ ತೆಗೆಯಲು ಅನುಮತಿ ಬೇಕಾಗುವುದರಿಂದ ಮತ್ತು ವಾಯುಪಡೆಯ ನೆಲೆಗಳಲ್ಲಿ ಅದು ನಿಷಿದ್ಧವಾದುದರಿಂದ, 1996ರಿಂದ ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾ ಪ್ರದರ್ಶನವೇ ಹವ್ಯಾಸಿಗಳ ದೊಡ್ಡ ಶಾಲೆಯಾಗಿದೆ. ಅಲ್ಲಿ ಬೀದರ್ ನೆಲೆಯ ಸೂರ್ಯಕಿರಣ್ ತಂಡದ ಹಾಕ್ ಜೆಟ್‌ಗಳಿಗೆ ಪ್ರೊಪೆಲರ್ ಇಲ್ಲದ ಕಾರಣ ಸಾವಿರದಲ್ಲೊಂದು ಭಾಗದ ಶಟರ್ ವೇಗವೇ ಯೋಗ್ಯವಾದರೆ, ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್‌ಗಳ ರೋಟರ್ ನಿಧಾನವಾಗಿ ತಿರುಗುವುದರಿಂದ ಎಟಿಆರ್‌ಗಿಂತಲೂ ದೀರ್ಘವಾದ ಅವಧಿ ಬೇಕಾಗುತ್ತದೆ.